ಹಲ್ಲೆಲ್ಲ ಹೋದ ಮೇಲೆ ದವಡೆ ಕೀಲಿನಲ್ಲಿ ಸದ್ದು, ನೋವು: ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಅಮ್ಮನಿಗೆ 68 ವರ್ಷ. ಹಲ್ಲೆಲ್ಲ ತೆಗೆಸಿ ಒಂಬತ್ತು ವರ್ಷವಾಯಿತು, ಆಗ ಕಟ್ಟಿಸಿದ ಸೆಟ್ಟೇ ಈಗಲೂ ಇದೆ. ಕೆಳಗಿನದು ಸಡಿಲ ಅಂತ ಊಟದ ಹೊತ್ತಿಗೆ ತೆಗೆದಿಡುತ್ತಾರೆ. ಈಚೆಗೆ ಬಾಯಿ ತೆರೆದರೆ ಎಡಗಿವಿಯ ಮುಂದೆ ಕಟಕ್ ಅನ್ನುತ್ತದೆ, ಸಂಜೆಗೆ ಕೆನ್ನೆ ನೋಯುತ್ತದೆ. ಇಎನ್‌ಟಿಯವರು ಕಿವಿ ಸರಿಯಿದೆ ಅಂದರು. ಬೊಚ್ಚುಬಾಯಿಗೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ (ಪ್ರೊಸ್ಥೊಡಾಂಟಿಸ್ಟ್, ಅಂದರೆ ಕೃತಕ ಹಲ್ಲು ಕಟ್ಟುವ ದಂತತಜ್ಞರು): ಇರಬಹುದು, ಆದರೆ ಪೂರ್ತಿ ತಪ್ಪನ್ನು ಕೀಲಿನ ಮೇಲೆ ಹೊರಿಸಬೇಡಿ. ಬಾಯಿ ಮುಚ್ಚಿದಾಗ ಕೆಳದವಡೆ ಎಲ್ಲಿಗೆ ಬಂದು ನಿಲ್ಲಬೇಕು ಅನ್ನುವುದನ್ನು ಹಲ್ಲುಗಳು ತೀರ್ಮಾನಿಸುತ್ತವೆ. ಅವು ಹೋದರೆ ದವಡೆ ಮೇಲಕ್ಕೂ ಮುಂದಕ್ಕೂ ಸರಿದು ಗದ್ದ ಮೂಗಿನ ಹತ್ತಿರ ಬರುತ್ತದೆ. ಹಲ್ಲಿನ ಬೇರನ್ನು ಮೂಳೆಗೆ ಹಿಡಿದಿಡುವ ನಾರು (ಲಿಗಮೆಂಟ್) ಮೆದುಳಿಗೆ ಕೊಡುತ್ತಿದ್ದ ಸೂಚನೆಯೂ ನಿಂತುಹೋಗುತ್ತದೆ, ಹಾಗಾಗಿ ಪ್ರತಿ ಸಲ ಬೇರೆ ಬೇರೆ ಕಡೆ ಕಚ್ಚುತ್ತಾರೆ.

ಕೀಲಿನಲ್ಲಿ ದವಡೆ ಮೂಳೆಯ ಗುಂಡುತಲೆಗೂ ತಲೆಬುರುಡೆಯ ಗುಳಿಗೂ ನಡುವೆ ಮೆತ್ತೆಯಂಥ ತೆಳ್ಳಗಿನ ಡಿಸ್ಕ್ ಇರುತ್ತದೆ. ಬಾಯಿ ತೆರೆಯುವಾಗ ಗುಂಡುತಲೆ ಮೊದಲು ತಿರುಗಿ, ಆಮೇಲೆ ಗುಳಿಯ ಮುಂದಿನ ದಿಬ್ಬದ ಮೇಲೆ ಜಾರುತ್ತದೆ. ಡಿಸ್ಕ್ ಮುಂದಕ್ಕೆ ಸರಿದಿದ್ದರೆ, ಗುಂಡುತಲೆ ಮತ್ತೆ ಅದರಡಿ ಸೇರುವಾಗ ಆ ಕಟಕ್ ಸದ್ದು. ವರ್ಷಗಳು ಕಳೆದಂತೆ ಆ ದಿಬ್ಬ ಚಪ್ಪಟೆಯಾಗುವುದೂ ಉಂಟು. ನೋವಿಲ್ಲದ ಬರೀ ಸದ್ದಿಗೆ ಚಿಕಿತ್ಸೆ ಬೇಡ. ಅಮ್ಮನ ಸಂಜೆಯ ಕೆನ್ನೆನೋವು ಹೆಚ್ಚಾಗಿ ಅಗಿಯುವ ಸ್ನಾಯುಗಳದ್ದು.

1934ರಲ್ಲಿ ಅಮೆರಿಕದ ಇಎನ್‌ಟಿ ವೈದ್ಯ ಜೇಮ್ಸ್ ಕಾಸ್ಟೆನ್ ಕಿವಿನೋವು, ಕಿವಿಯ ಗುಂಯ್‌ಗುಡುವಿಕೆಗಳಿಗೆಲ್ಲ ಹೀಗೆ ಕುಸಿದ ದವಡೆಯೇ ಕಾರಣ ಅಂದಿದ್ದರು. ಅವರು ಕೊಟ್ಟ ಅಂಗರಚನೆಯ ವಿವರಣೆ ಆಮೇಲೆ ನಿಲ್ಲಲಿಲ್ಲ. ಹಲ್ಲೇ ಇಲ್ಲದ ಎಷ್ಟೋ ಜನಕ್ಕೆ ಕೀಲುನೋವು ಇರುವುದೇ ಇಲ್ಲ.

ಪ್ರಶ್ನೆ: ಸೆಟ್‌ಗೆ ಅಂಟಿಸುವ ಪೌಡರ್ ಹಾಕಿದರೆ ಸಾಕಾ, ಹೊಸದೇ ಕಟ್ಟಿಸಬೇಕಾ ಸರ್?

ಉತ್ತರ: ಪೌಡರ್ ಹಿಡಿತ ಕೊಡುತ್ತದೆ, ಕಚ್ಚಿದಾಗ ಎರಡು ದವಡೆಗಳ ನಡುವೆ ಇರಬೇಕಾದ ಎತ್ತರ ಕೊಡುವುದಿಲ್ಲ. ಒಂಬತ್ತು ವರ್ಷದಲ್ಲಿ ಅಕ್ರಿಲಿಕ್ ಹಲ್ಲು ಸವೆದಿರುತ್ತದೆ, ಕೆಳಗಿನ ದಿಣ್ಣೆಯೂ (ಸೆಟ್ ಕೂರುವ ವಸಡಿನ ಮೂಳೆಯ ಏರು) ಕರಗಿರುತ್ತದೆ. ಮೊದಲು ಅಳತೆಯಾಗಲಿ: ಮೂಗಿನ ತುದಿಗೊಂದು, ಗದ್ದಕ್ಕೊಂದು ಚುಕ್ಕೆ ಇಟ್ಟು, ದವಡೆ ಸಡಿಲ ಬಿಟ್ಟಾಗ ಮತ್ತು ಸೆಟ್ ಕಚ್ಚಿದಾಗ ಅಂತರ ನೋಡುತ್ತಾರೆ. ವ್ಯತ್ಯಾಸ 2ರಿಂದ 4 ಮಿಲಿಮೀಟರ್ ಇದ್ದರೆ ಸರಿ. ಅದು 8-9 ಇದ್ದರೆ ಎತ್ತರ ಕುಸಿದಿದೆ ಅಂತ.

ಹಾಗಂತ ಹೊಸ ಸೆಟ್‌ನಲ್ಲಿ ಒಂದೇ ಏಟಿಗೆ ಎತ್ತರಿಸಬಾರದು. ಹಳೆಯ ಸೆಟ್‌ನ ಕೆಳಹಲ್ಲುಗಳ ಮೇಲೆ ಅಕ್ರಿಲಿಕ್ ಹಾಕಿ ಸುಮಾರು 2 ಮಿಲಿಮೀಟರ್ ಏರಿಸಿ, ಕೆಲವು ವಾರ ನೋಡಿ, ಸಾಲದಿದ್ದರೆ ವೈದ್ಯರು ಇನ್ನಷ್ಟು ಏರಿಸುತ್ತಾರೆ. ಸಡಿಲ ಸೆಟ್‌ಗೆ ಒಳಗಡೆ ಮೆತ್ತನೆಯ ಲೈನಿಂಗ್ ಕೂಡ ಬೇಕಾಗುತ್ತದೆ. ನೋವು ಇಳಿದ ಎತ್ತರದಲ್ಲೇ ಹೊಸದನ್ನು ಕಟ್ಟಬೇಕು. ಕಚ್ಚುವಿಕೆ ದಾಖಲಿಸುವಾಗ ನಾಲಿಗೆಯ ತುದಿಯನ್ನು ಅಂಗುಳದ ಹಿಂಭಾಗಕ್ಕೆ ಮುಟ್ಟಿಸಿ ಮುಚ್ಚಿಸುತ್ತಾರೆ. ಇಲ್ಲದಿದ್ದರೆ ರೂಢಿಯಂತೆ ದವಡೆ ಮುಂದೆ ಬಂದು ಅಳತೆ ಕೆಡುತ್ತದೆ. ಹೊಸ ಸೆಟ್ ಹಾಕಿ ನೋಡುವ ಟ್ರಯಲ್ ದಿನ ಅಮ್ಮನಿಂದ ‘ಸಾಸಿವೆ’ ಅನ್ನಿಸಿ. ಮೇಲಿನ ಕೆಳಗಿನ ಹಲ್ಲು ತಾಕಿದರೆ ಎತ್ತರ ಜಾಸ್ತಿಯಾಗಿದೆ. ಆ ತಪ್ಪಿನ ಸೆಟ್ ಮಾತಾಡುವಾಗ ಟಕಟಕ ಅನ್ನುತ್ತದೆ, ತುಟಿ ಕೂಡುವುದಿಲ್ಲ, ವಸಡೆಲ್ಲ ಹುಣ್ಣಾಗುತ್ತದೆ, ಕೊನೆಗೆ ಕಪಾಟು ಸೇರುತ್ತದೆ.

ಇನ್ನೊಬ್ಬ ದಂತವೈದ್ಯೆ: ಒಂದು ಮಾತು ಸೇರಿಸುತ್ತೇನೆ. ದೀರ್ಘಕಾಲದಲ್ಲಿ ಕೆಳದಿಣ್ಣೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಕರಗುತ್ತದೆ. ದಿಣ್ಣೆ ತೀರಾ ಚಪ್ಪಟೆಯಾಗಿದ್ದರೆ ಕೋರೆಹಲ್ಲಿನ ಜಾಗದಲ್ಲಿ ಎರಡು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಲೋಹದ ಕೃತಕ ಬೇರು) ಹಾಕಿ ಅದರ ಮೇಲೆ ಕೆಳಸೆಟ್ ಕೂರಿಸುವುದು ಒಳ್ಳೆಯದು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು 2002ರಲ್ಲೇ ಇದನ್ನು ಕೆಳದವಡೆಗೆ ಮೊದಲ ಆಯ್ಕೆ ಅಂದಿದ್ದಾರೆ. ಖರ್ಚು ಹೆಚ್ಚು, ಸಕ್ಕರೆ ಕಾಯಿಲೆ ಹಿಡಿತದಲ್ಲಿರಬೇಕು. ಅಲ್ಲಿಯವರೆಗೆ ಮುದ್ದೆ-ಸಾರು, ಮೆತ್ತಗಿನ ಅನ್ನ ಸಾಕು; ಚಕ್ಕುಲಿ, ಕಡಲೆಬೀಜ ಬೇಡ. ದಿನಕ್ಕೆರಡು ಸಲ ಕೆನ್ನೆಗೆ 10-15 ನಿಮಿಷ ಬಿಸಿ ಶಾಖ ಕೊಡಿ.

ಪ್ರಶ್ನೆ: ಆಕಳಿಸುವಾಗ ಬಾಯಿ ಹಾಗೇ ನಿಂತುಬಿಟ್ಟರೆ?

ಉತ್ತರ: ಗುಂಡುತಲೆ ದಿಬ್ಬ ದಾಟಿ ಮುಂದೆ ಸಿಕ್ಕಿಕೊಂಡಿದೆ ಎಂದರ್ಥ. ಮನೆಯಲ್ಲಿ ಒತ್ತಿ ಮುಚ್ಚಿಸಲು ಹೋಗಬೇಡಿ, ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋಗಿ. ಅಲ್ಲಿ ಹೆಬ್ಬೆರಳಿನಿಂದ ಹಿಂದಿನ ದಿಣ್ಣೆಯನ್ನು ಕೆಳಕ್ಕೂ ಹಿಂದಕ್ಕೂ ಒತ್ತಿ ಕೂರಿಸುತ್ತಾರೆ. ಮುಂದೆ ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಕೊಡಲಿ.

ಇನ್ನೊಂದು ಮುಖ್ಯ. ಅಗಿಯುತ್ತಾ ಹೋದಂತೆ ದವಡೆ ಸೋತು ನೋಯುವುದು, ಜೊತೆಗೆ ಹಣೆಯ ಪಕ್ಕ ಹೊಸ ತಲೆನೋವು ಅಥವಾ ಕಣ್ಣು ಮಂಜಾಗುವುದು ಇದ್ದರೆ ಅದು ಸೆಟ್‌ನ ತೊಂದರೆ ಆಗಿರದೆ ರಕ್ತನಾಳದ ಉರಿಯೂತ ಆಗಿರಬಹುದು. ದೃಷ್ಟಿ ಹೋಗುವ ಅಪಾಯವಿದೆ, ಅದೇ ದಿನ ಫಿಜಿಷಿಯನ್‌ಗೆ ತೋರಿಸಿ.