ಮೌಂಟ್, ಅನ್‌ಮೌಂಟ್: ಕನ್ನಡದಲ್ಲಿ ಏನನ್ನೋಣ? (ಸ್ವಲ್ಪ ಅರ್ಜೆಂಟು)

ಎಲ್ಲರಿಗೂ ನಮಸ್ಕಾರ.

ದೂರದ ಸರ್ವರ್‌ಗಳ ಡಿಸ್ಕ್ ನೋಡಿಕೊಳ್ಳುವವರ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಲ್ಲವೂ ಕಮ್ಯಾಂಡ್ ಲೈನಿನ ಕೆಲಸ. ನಾಳೆ ಬೆಳಿಗ್ಗೆ ಕೊಡಬೇಕು. ಫೈಲು, ಡೈರೆಕ್ಟರಿ, ಪಾರ್ಟಿಶನ್ ಹಾಗೇ ಬಿಟ್ಟಿದ್ದೇನೆ. ಕೈ ನಿಂತಿರುವುದು ಮೌಂಟ್, ಅನ್‌ಮೌಂಟ್ ಹತ್ತಿರ: ಡಿಸ್ಕಿನ ಫೈಲ್‌ಸಿಸ್ಟಮ್ (ಫೈಲುಗಳನ್ನು ಇಡುವ ವ್ಯವಸ್ಥೆ) ಒಂದು ಡೈರೆಕ್ಟರಿಯಲ್ಲಿ ಕಾಣುವಂತೆ ಸೇರಿಸುವುದು, ಮತ್ತೆ ತೆಗೆಯುವುದು. ಹಳೇ ಕರಡಿನಲ್ಲಿ 'ಆರೋಹಿಸು', 'ಅವರೋಹಿಸು' ಅಂತಿದೆ. ಓದುವವರಿಗೆ ಏನೂ ತಿಳಿಯುವುದಿಲ್ಲ.

ಪದ ಕೂರಬೇಕಾದ ವಾಕ್ಯಗಳು ಇವು:

"ಹೊಸ ಡಿಸ್ಕ್ ಎಲ್‌ಎಸ್‌ಬಿಎಲ್‌ಕೆ ಪಟ್ಟಿಯಲ್ಲಿ ಕಂಡರೆ ಸಾಲದು. ಅದರಲ್ಲಿ ಫೈಲ್‌ಸಿಸ್ಟಮ್ ಮಾಡಿ, ಒಂದು ಡೈರೆಕ್ಟರಿಗೆ ____ ಬೇಕು."

"____ ಇರುವ ಫೈಲ್‌ಸಿಸ್ಟಮ್ ರಿಪೇರಿಗೆ ಎಫ್‌ಎಸ್‌ಸಿಕೆ ಓಡಿಸಬೇಡಿ, ಡೇಟಾ ಹಾಳಾಗಬಹುದು."

'ಜೋಡಿಸು' ಬೇಡ. ಸರ್ವರ್‌ಗೆ ಡಿಸ್ಕ್ ಅಟ್ಯಾಚ್ ಮಾಡುವುದಕ್ಕೆ ಅದನ್ನು ಆಗಲೇ ಬಳಸಿದ್ದೇನೆ. ಎರಡೂ ಬೇರೆ ಹಂತ.

---

ಮೇಡಂ, ಪದ ನಮ್ಮಲ್ಲೇ ಇದೆ: ಹೂಡು.

ಹಳಗನ್ನಡದ ಪೂಡು. ತಮಿಳಿನ ಪೂಟ್ಟು ಇದರ ಒಡಹುಟ್ಟು. ಬಂಡಿಗೆ ಎತ್ತು ಹೂಡುತ್ತೇವೆ, ಬಿಲ್ಲಿಗೆ ಬಾಣ ಹೂಡುತ್ತೇವೆ. ಹೂಡಿದ ಮೇಲೆ ಎರಡೂ ಸೇರಿ ಒಂದು ಕೆಲಸ. ಬಿಚ್ಚಿದರೆ ಮತ್ತೆ ಬೇರೆ ಬೇರೆ. ಮೌಂಟ್ ಅಂದರೂ ಅದೇ ತಾನೇ? ಡಿಸ್ಕ್ ಹೂಡು, ಡಿಸ್ಕ್ ಬಿಚ್ಚು. ಮೌಂಟ್ ಪಾಯಿಂಟ್‌ಗೆ ಹೂಡುತಾಣ. ಹೂಡಿದ, ಹೂಡದ, ಮರುಹೂಡು, ಯಾವ ರೂಪವೂ ತೊಡಕಾಗುವುದಿಲ್ಲ. ಆರೋಹಿಸು ಬರೆದವರು ನಿಘಂಟು ನೋಡಿದ್ದಾರೆ, ಕನ್ನಡ ಕೇಳಿಸಿಕೊಂಡಿಲ್ಲ.

---

> ಡಿಸ್ಕ್ ಬಿಚ್ಚು

ಆಗದ ಮಾತು. ಡಿಸ್ಕ್ ಬಿಚ್ಚಿ ಅಂದರೆ ಓದುವವರು ಸ್ಕ್ರೂಡ್ರೈವರ್ ಹುಡುಕುತ್ತಾರೆ. ಹೂಡು ಅಂದರೆ ಇವತ್ತು ದುಡ್ಡು ಹೂಡುವುದು. ಏರಿಸು, ಇಳಿಸು ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಇಳಿಸು ಡೌನ್‌ಲೋಡ್‌ಗೆ ಸೇರಿಹೋಗಿದೆ.

ಇನ್ನೊಂದು. ಡೈರೆಕ್ಟರಿಯಲ್ಲಿ ಮೊದಲೇ ಫೈಲುಗಳಿದ್ದು ಅದರ ಮೇಲೆ ಡಿಸ್ಕ್ ಮೌಂಟ್ ಮಾಡಿದರೆ ಆ ಫೈಲುಗಳು ಮರೆಯಾಗುತ್ತವೆ. ಅಳಿಸಿಹೋಗುವುದಿಲ್ಲ, ಕೆಳಗಿನ ಡಿಸ್ಕಿನ ಜಾಗ ತಿನ್ನುತ್ತಲೇ ಇರುತ್ತವೆ. ಎಷ್ಟು ಜಾಗ ತುಂಬಿದೆ ಅಂತ ಹೇಳುವ ಡಿಎಫ್ ಕಮ್ಯಾಂಡ್ ಕೇಳಿದರೆ ತುಂಬಿದೆ ಅನ್ನುತ್ತದೆ. ಕಾಣುವ ಫೈಲುಗಳ ಗಾತ್ರ ಕೂಡಿಸುವ ಡಿಯು ಲೆಕ್ಕ ಹಾಕಿದರೆ ಅಷ್ಟು ಸಿಗುವುದೇ ಇಲ್ಲ. ಅನ್‌ಮೌಂಟ್ ಮಾಡಿದರೆ ಎಲ್ಲ ಮತ್ತೆ ಕಾಣುತ್ತವೆ. ಹೂಡುವುದರಲ್ಲಿ ಈ ಮುಚ್ಚುವ ಅರ್ಥ ಎಲ್ಲಿದೆ?

ಟೈಪ್ ಮಾಡುವುದು ಮೌಂಟ್, ತೆರೆಯ ಮೇಲೆ ಬರುವ ಎರರ್‌ನಲ್ಲೂ ಮೌಂಟ್. ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಬೂಟ್ ಆಗುವಾಗ ಏನೇನು ಮೌಂಟ್ ಆಗಬೇಕು ಅನ್ನುವ ಪಟ್ಟಿ) ಒಂದು ಸಾಲು ತಪ್ಪಿದರೆ ರೀಬೂಟ್ ಆದ ಸರ್ವರ್ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲಬಹುದು. ಆಗ ಎಸ್‌ಎಸ್‌ಹೆಚ್‌ನಲ್ಲಿ ದೂರದಿಂದ ಒಳಗೆ ಹೋಗುವ ದಾರಿ ಇರುವುದಿಲ್ಲ. ಆ ಹೊತ್ತಿನಲ್ಲಿ ಹೂಡುತಾಣ ಅಂದರೇನು ಅಂತ ಯೋಚಿಸುತ್ತಾ ಕೂರಬೇಕಾ? 'ಮೌಂಟ್ ಮಾಡು' ಅನ್ನಿ. ಬಸ್ಸು, ಪೆನ್ನು, ರೈಲು ಬಂದ ಹಾಗೇ ಇದೂ ಬಂದಿದೆ.

---

> ಮುಚ್ಚುವ ಅರ್ಥ ಎಲ್ಲಿದೆ?

ಇಂಗ್ಲಿಷ್ ಮೌಂಟ್‌ನಲ್ಲಿ ಎಲ್ಲಿದೆ? ಆಪರೇಟರುಗಳು ಟೇಪ್ ಸುರುಳಿ, ಡಿಸ್ಕ್ ಪ್ಯಾಕ್‌ಗಳನ್ನು ಕೈಯಾರೆ ಡ್ರೈವಿಗೆ ಹಾಕುತ್ತಿದ್ದ ಕಾಲದ ಮಾತು ಅದು. ಅವರ ಹಳೇ ಪದ ಹೊಸ ಅರ್ಥ ಹೊರಬಹುದು, ನಮ್ಮದು ಹೊರಬಾರದು ಅಂದರೆ ಯಾವ ನ್ಯಾಯ?

ಬಸ್ಸು, ಪೆನ್ನು ಹೆಸರುಗಳು. ಹೆಸರು ಎಷ್ಟಾದರೂ ಬರಲಿ. ಕ್ರಿಯಾಪದ ಬಿಟ್ಟುಕೊಡಬಾರದು. ಎಲ್ಲದಕ್ಕೂ 'ಮಾಡು' ಅಂಟಿಸುತ್ತಾ ಹೋದರೆ ಕೊನೆಗೆ ನಮ್ಮ ಕೈಯಲ್ಲಿ ಉಳಿಯುವುದು ಅದೊಂದೇ.

---

ರದ್ದು ಮಾಡು, ವಸೂಲಿ ಮಾಡು, ಜಮಾ ಮಾಡು ಬಂದು ಎಷ್ಟು ಕಾಲವಾಯಿತು ಸರ್? ಯಾವ ಕ್ರಿಯಾಪದ ಸತ್ತಿತು? ಸಂಸ್ಕೃತಕ್ಕೆ 'ಇಸು' ಹಚ್ಚಿ ಸ್ವೀಕರಿಸು, ಭಾವಿಸು ಅಂದಾಗ ನಿಮಗೆ ಬೇಜಾರಿಲ್ಲ. ಇಂಗ್ಲಿಷಿಗೆ 'ಮಾಡು' ಹಚ್ಚಿದರೆ ಮಾತ್ರ ಭಾಷೆ ಹಾಳು.

---

ಸ್ವೀಕರಿಸು ನನಗೂ ಬೇಡ. ಒಪ್ಪಿಕೋ, ತೆಗೆದುಕೋ ಇವೆ. ಹಳೇ ಎರವಲು ತೋರಿಸಿ ಹೊಸದನ್ನು ಒಪ್ಪಿಸಲು ಬರಬೇಡಿ.

---

ಇಬ್ಬರಿಗೂ ಧನ್ಯವಾದ. ನನಗೆ ಹೊತ್ತಿಲ್ಲ, ಹೀಗೆ ಮಾಡುತ್ತಿದ್ದೇನೆ. ಉದ್ದಕ್ಕೂ 'ಮೌಂಟ್ ಮಾಡು', 'ಅನ್‌ಮೌಂಟ್ ಮಾಡು'. ಮೊದಲ ಸಲ ಬರುವಲ್ಲಿ ಮಾತ್ರ "ಫೈಲ್‌ಸಿಸ್ಟಮನ್ನು ಒಂದು ಡೈರೆಕ್ಟರಿಗೆ ಹೂಡುವುದು" ಅಂತ ವಿವರಣೆ. ಅಲ್ಲಿ ಹೂಡು ನಿಜಕ್ಕೂ ಚೆನ್ನಾಗಿ ಕೂತಿದೆ. ಕಮ್ಯಾಂಡ್ ಬರೆಯುವಾಗ ಅನ್‌ಮೌಂಟ್‌ನ ಮೊದಲ 'ನ್' ಇಲ್ಲ, ಅದು 'ಯುಮೌಂಟ್' ಅಂತಲೂ ಪಕ್ಕದಲ್ಲೇ ಸೇರಿಸಿದ್ದೇನೆ. ತುಂಬಾ ಜನ ಅಲ್ಲೇ ತಪ್ಪುತ್ತಾರೆ.

ಈಗ ಇನ್ನೊಂದು. ಅನ್‌ಮೌಂಟ್ ಮಾಡಲು ಹೋದಾಗ ಯಾವುದೋ ಪ್ರೋಗ್ರಾಂ ಅಲ್ಲಿನ ಫೈಲು ತೆರೆದಿಟ್ಟುಕೊಂಡಿದ್ದರೆ 'ಟಾರ್ಗೆಟ್ ಈಸ್ ಬಿಝಿ' ಅಂತ ಬರುತ್ತದಲ್ಲ, ಅದಕ್ಕೆ 'ಬಳಕೆಯಲ್ಲಿದೆ' ಸಾಕಾ? 'ಕಾರ್ಯನಿರತ' ಅಂತ ಮಾತ್ರ ಯಾರೂ ಹೇಳಬೇಡಿ.