ಹಳೆಯ ಕಂಪ್ಯೂಟರುಗಳಿಗೆ ‘ಬೆಡಗು’ ಎಂಬ ಪದ ಒಗ್ಗುತ್ತದೆಯೇ?

ದಾವಣಗೆರೆಯ ಶಾಲೆಯೊಂದರ ಉಗ್ರಾಣದಲ್ಲಿ ಸಿಕ್ಕ ಹಳೆಯ ಕಂಪ್ಯೂಟರುಗಳನ್ನು ಒರೆಸಿ ಜೋಡಿಸಿ, ಅದೇ ಕಾಲದ ಬೇರೆ ಯಂತ್ರಗಳ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಎಲ್ಲಕ್ಕೂ ಕನ್ನಡದಲ್ಲಿ ಚೀಟಿ ಬರೆಯುತ್ತಿದ್ದೇನೆ. ಒಳಗಿನ ಯಂತ್ರಾಂಶದ ರಚನೆ ನೋಡಿ ಗುಂಪು ಮಾಡಬೇಕೆಂದಿದ್ದೇನೆ. ಆ ಗುಂಪನ್ನು ಏನೆಂದು ಕರೆಯುವುದು?

ಇಂಗ್ಲಿಷಿನ ‘ಆರ್ಕಿಟೆಕ್ಚರ್’ಗೆ ‘ವಾಸ್ತುಶಿಲ್ಪ’ ಎಂದು ಬರೆದರೆ ಓದುವವರ ಕಣ್ಣಿಗೆ ಹರಿಹರದ ಗುಡಿಯ ಕಂಬಗಳು ಬರುತ್ತವೆ. ‘ಪೀಳಿಗೆ’ ಕಾಲವನ್ನು ಹೇಳುತ್ತದೆ, ಒಡಲನ್ನು ಹೇಳುವುದಿಲ್ಲ. ಚಿಪ್ ಒಮ್ಮೆಗೆ ಎಷ್ಟು ಬಿಟ್ ದತ್ತಾಂಶ ನಿಭಾಯಿಸುತ್ತದೆ ಎಂಬ ಲೆಕ್ಕವೂ ನಿಲ್ಲುವುದಿಲ್ಲ: 1981ರ ಐಬಿಎಂ ಪಿಸಿಯಲ್ಲಿರುವ 8088 ಚಿಪ್ ಒಳಗೆ 16 ಬಿಟ್‌ನದು, ದತ್ತಾಂಶ ಓಡಾಡುವ ಹೊರದಾರಿ ಮಾತ್ರ 8 ಬಿಟ್ ಅಗಲ. ಅದನ್ನು ಯಾವ ಸಾಲಿನಲ್ಲಿ ಇಡಲಿ?

ನನ್ನ ತಾಯಿಯ ತವರು ಚಳ್ಳಕೆರೆ ಕಡೆ. ಸಂಬಂಧ ನೋಡುವಾಗ ಅಲ್ಲಿ ಮೊದಲು ಕೇಳುವುದು ‘ನಿಮ್ಮದು ಯಾವ ಬೆಡಗು?’ ಎಂದು. ಊರು ಬೇರೆ, ಮನೆ ಹೆಸರು ಬೇರೆ. ಗೋತ್ರವಿದ್ದಂತೆ, ಮೂಲ ಒಂದಾದರೆ ಬೆಡಗೂ ಒಂದೇ. ಬರವಣಿಗೆಯಲ್ಲಿ ಈ ಅರ್ಥ ಹಿಂದೆ ಸರಿದು ಚೆಲುವು, ಒಯ್ಯಾರ ಎಂಬುದೇ ಉಳಿಯುತ್ತಿರುವುದು ನನಗೆ ಬೇಸರದ ಸಂಗತಿ.

ಈಗ ನನ್ನ ಮೇಜಿನ ಮೇಲಿರುವ ಬಿಬಿಸಿ ಮೈಕ್ರೊ ನೋಡಿ. ಕಪ್ಪು ಕೀಲಿಗಳ ಮೇಲೊಂದು ಸಾಲು ಕೆಂಪು ಕೀಲಿಗಳು, ಪಕ್ಕದಲ್ಲಿ ಚುಕ್ಕಿಗಳಲ್ಲಿ ಬಿಡಿಸಿದ ಗೂಬೆ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಈ ಮಾದರಿಯೇ. ಇದರೊಳಗಿರುವುದು 6502 ಚಿಪ್. 1977ರ ಆಪಲ್ 2ರಲ್ಲಿಯೂ ಅದೇ. ಕಮೊಡೋರ್ 64ರ 6510 ಎಂಬುದು 6502ಕ್ಕೇ ಒಂದು ಪೋರ್ಟ್, ಅಂದರೆ ಸಂಕೇತಗಳು ಒಳಹೊರಗೆ ಹೋಗಿಬರುವ ದಾರಿ, ಸೇರಿಸಿದ್ದು. ಮನೆ ಮೂರು, ಬೆಡಗು ಒಂದು. ಮುಂದೆ ಕಮೊಡೋರ್ ಮನೆಯಿಂದಲೇ ಬಂದ ಅಮಿಗಾ ಮಾತ್ರ 68000 ಎಂಬ ಬೇರೆ ಚಿಪ್‌ನ ಬೆಡಗಿನದು. ಆಪಲ್‌ನ ಮೆಕಿಂಟಾಷ್ ಕೂಡ ಅದೇ ಬೆಡಗು.

ಆದರೆ ಬೆಡಗು ಒಂದಾದ ಮಾತ್ರಕ್ಕೆ ಆಪಲ್ 2ಕ್ಕೆ ಬರೆದ ಪ್ರೋಗ್ರಾಂ ಬಿಬಿಸಿಯಲ್ಲಿ ಹಾಗೆಯೇ ನಡೆಯುವುದಿಲ್ಲ. ಮೆಮೊರಿಯ ಹಂಚಿಕೆ ಬೇರೆ, ಪರದೆಯ ಮೇಲೆ ಚಿತ್ರ ಮೂಡಿಸುವ ಬಗೆ ಬೇರೆ. ಆದರೆ ಐಬಿಎಂನ 1984ರ ಪಿಸಿ ಎಟಿಯಲ್ಲಿ 80286 ಎಂಬ ಹೊಸ ಚಿಪ್ ಇದ್ದರೂ, 1981ರ ಪಿಸಿಗೆ ಬರೆದ ಬಹುಪಾಲು ಪ್ರೋಗ್ರಾಂಗಳು ಅದರಲ್ಲಿ ನಡೆಯುತ್ತವೆ. ಹೀಗೆ ಗುಣ ಇಳಿದುಬಂದ ಯಂತ್ರಗಳಿಗೆ ‘ತಳಿ’ ಎಂದಿಟ್ಟಿದ್ದೇನೆ. ಮೆಕ್ಕೆಜೋಳ ಬಿತ್ತುವ ನಮ್ಮ ಜಿಲ್ಲೆಯಲ್ಲಿ ಆ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

‘ತಳಿ’ಯ ಬಗ್ಗೆ ನನಗೆ ಅನುಮಾನವಿಲ್ಲ. ‘ಬೆಡಗು’ ಮಾತ್ರ ಮನುಷ್ಯರ ನಂಟಿನ ಪದ. ಹಿರಿಯೂರು, ಮೊಳಕಾಲ್ಮೂರು ಕಡೆಯವರು ಯಾರಾದರೂ ದನಕರುವಿಗೋ, ಬಿತ್ತನೆ ಬೀಜಕ್ಕೋ, ಸಾಮಾನಿಗೋ ಬೆಡಗು ಎನ್ನುವುದನ್ನು ಕೇಳಿದ್ದೀರಾ?