ಲಾಕ್ ಅಂದರೆ ಬೀಗವೇ, ಚಿಲಕವೇ, ಹಿಡಿತವೇ?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ ಫೈಲುಗಳನ್ನು ನೋಡಿಕೊಳ್ಳುವ ಭಾಗದ (ಫೈಲ್‌ಸಿಸ್ಟಮ್) ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಾ ‘ಲಾಕ್’ ಅನ್ನುವ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಒಂದೇ ವಸ್ತುವಿಗೆ ಹಲವರು ಒಟ್ಟಿಗೆ ಕೈಹಾಕಿ ಕೆಡಿಸದಿರಲಿ ಅಂತ ಮಾಡಿಕೊಂಡ ಏರ್ಪಾಡು ಅದು.

ಮೊದಲು ‘ಬೀಗ’ ಅಂತಲೇ ಬರೆದೆ. ಓದಿ ನೋಡಿದರೆ ಸರಿ ಕಾಣಲಿಲ್ಲ. ಮನೆಗೆ ಬೀಗ ಹಾಕುವುದು ಒಳಗೆ ಯಾರೂ ಇಲ್ಲದಾಗ ಅಲ್ವಾ? ಇಲ್ಲಿ ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಒಳಗೆ ಕೆಲಸ ಮಾಡುತ್ತಿರುತ್ತದೆ, ಉಳಿದವು ಬಾಗಿಲಲ್ಲಿ ಕಾಯುತ್ತವೆ. ಅದಕ್ಕೆ ಬಚ್ಚಲುಮನೆಯ ಚಿಲಕವೇ ಹತ್ತಿರದ ಹೋಲಿಕೆ. ಒಳಗಿನಿಂದ ಹಾಕಿಕೊಂಡವರೇ ತೆಗೆಯಬೇಕು. ಕರ್ನಲ್‌ನ ಮ್ಯೂಟೆಕ್ಸ್‌ಗೂ (ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಲಾಕ್) ಇದೇ ನಿಯಮ: ಪಡೆದವರೇ ಬಿಡಬೇಕು.

ಆದರೆ ಚಿಲಕವೂ ಪೂರ್ತಿ ಒಗ್ಗುವುದಿಲ್ಲ. ಮೊದಲು ಪ್ರತಿ ಡೈರೆಕ್ಟರಿಗೂ (ಫೋಲ್ಡರ್) ಒಂದು ಮ್ಯೂಟೆಕ್ಸ್ ಇತ್ತು. ಹೊಸ ಫೈಲ್ ಸೇರಿಸುವವರೂ ಅದನ್ನೇ ಪಡೆಯಬೇಕು, ಮೆಮೊರಿಯಲ್ಲಿ ಸಿಗದ ಹೆಸರನ್ನು ಹುಡುಕುವವರೂ ಅದನ್ನೇ ಪಡೆಯಬೇಕು. ಸುಮ್ನೆ ಹುಡುಕುವವರು ಕೂಡ ಒಬ್ಬರ ಹಿಂದೆ ಒಬ್ಬರು ಸಾಲು ನಿಲ್ಲಬೇಕಿತ್ತು. 2016ರಲ್ಲಿ ಬಂದ 4.7 ಆವೃತ್ತಿಯಲ್ಲಿ ಆ ಜಾಗಕ್ಕೆ ರೀಡ್-ರೈಟ್ ಸೆಮಾಫೋರ್ ಅನ್ನುವ ಇನ್ನೊಂದು ಬಗೆಯ ಲಾಕ್ ಬಂತು. ಈಗ ಹುಡುಕುವವರು ಎಷ್ಟು ಜನ ಬೇಕಾದರೂ ಒಟ್ಟಿಗೆ ಒಳಗಿರಬಹುದು. ಬದಲಾಯಿಸುವವರು ಮಾತ್ರ ಒಬ್ಬರೇ ಇರಬೇಕು. ಹತ್ತು ಜನ ಸೇರಿ ಒಂದು ಚಿಲಕ ಹಾಕಿಕೊಂಡರು ಅಂತ ಹೇಗೆ ಬರೆಯುವುದು?

ಪ್ರೋಗ್ರಾಮ್‌ಗಳು ಒಂದು ಫೈಲಿನ ಮೇಲೆ ಪಡೆಯುವ ಎಫ್‌ಲಾಕ್ (flock) ಅಂತೂ ಇನ್ನೂ ದೂರ. ಒಂದು ಪ್ರೋಗ್ರಾಮ್ ಅದನ್ನು ಪಡೆದಿದ್ದರೂ, ಕೇಳದೆ ಬರೆಯಲು ಬಂದ ಇನ್ನೊಂದನ್ನು ಲಿನಕ್ಸ್ ತಡೆಯುವುದಿಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಸೀಟಿಗೆ ಬೈರಾಸು (ಟವೆಲ್) ಹಾಕುತ್ತೇವಲ್ಲ, ಹಾಗೆ. ಮರ್ಯಾದೆ ಕೊಡುವವರಿಗೆ ಅದು ನಮ್ಮ ಸೀಟು. ಕೊಡದವರು ಬೈರಾಸನ್ನು ಪಕ್ಕಕ್ಕಿಟ್ಟು ಕೂತರೆ ಮುಗಿಯಿತು. ಇದಕ್ಕೆ ಬೀಗ ಅಂದರೆ ಓದುವವರು ಮೋಸ ಹೋಗುತ್ತಾರೆ.

ಮೊನ್ನೆ ಲ್ಯಾಬಿನಲ್ಲಿ ಒಬ್ಬ ಹುಡುಗ ಪಕ್ಕದವನಿಗೆ ಹೇಳುತ್ತಿದ್ದ: “ಆ ಥ್ರೆಡ್ ಲಾಕ್ ಹಿಡ್ಕೊಂಡು ಕೂತಿದೆ ಮಾರಾಯ, ಬಿಡುದೇ ಇಲ್ಲ.” (ಥ್ರೆಡ್ ಅಂದರೆ ಪ್ರೋಗ್ರಾಮ್‌ನೊಳಗೆ ಓಡುವ ಕೆಲಸದ ಒಂದು ಎಳೆ.) ನನಗೆ ಕಿವಿ ನೆಟ್ಟಗಾಯಿತು. ಬೀಗಕ್ಕೂ ಚಿಲಕಕ್ಕೂ ನಾವು ಹಾಕು, ತೆಗೆ ಅನ್ನುತ್ತೇವೆ. ಈ ಲಾಕ್‌ಗೆ ಮಾತ್ರ ಎಲ್ಲರ ಬಾಯಲ್ಲೂ ಬರುವುದು ಹಿಡಿ, ಬಿಡು. ಹಾಗಾದರೆ ‘ಹಿಡಿತ’ ಅಂದರೆ ಏನು ತಪ್ಪು? ಒಂಟಿ ಹಿಡಿತ, ಕೂಡು ಹಿಡಿತ ಅಂತ ಎರಡನ್ನೂ ಹೇಳಬಹುದು. ಎಫ್‌ಲಾಕ್‌ಗೆ ‘ಮರ್ಯಾದೆಯ ಹಿಡಿತ’ ಅನ್ನಬಹುದೇನೋ. ನನ್ನ ಮನಸ್ಸು ಇದಕ್ಕೇ ಒಲಿದಿದೆ. ಒಂದೇ ಅಳುಕು: ‘ಹಿಡಿತ’ಕ್ಕೆ ನಮ್ಮಲ್ಲಿ ಹತೋಟಿ ಅನ್ನುವ ಅರ್ಥವೇ ಜಾಸ್ತಿ.

ಇನ್ನೊಂದು ಪದ ಡೆಡ್‌ಲಾಕ್. ಒಬ್ಬ ‘ಅ’ ಡೈರೆಕ್ಟರಿ ಹಿಡಿದು ‘ಬ’ಗೆ ಕಾಯುತ್ತಾನೆ, ಇನ್ನೊಬ್ಬ ‘ಬ’ ಹಿಡಿದು ‘ಅ’ಗೆ ಕಾಯುತ್ತಾನೆ. ಫೈಲನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಹೀಗಾಗದಿರಲಿ ಅಂತಲೇ ಕರ್ನಲ್ ಎರಡನ್ನೂ ಗೊತ್ತಾದ ಕ್ರಮದಲ್ಲಿ ಹಿಡಿಯುತ್ತದೆ. ಪತ್ರಿಕೆಗಳ ‘ಕಗ್ಗಂಟು’ ನನಗೆ ಒಪ್ಪಿಗೆಯಿಲ್ಲ. ತಾಳ್ಮೆಯಿದ್ದರೆ ಗಂಟು ಬಿಚ್ಚಬಹುದು, ಇಲ್ಲಿ ಎಷ್ಟು ಕಾದರೂ ಬಿಚ್ಚುವುದಿಲ್ಲ. ಕಿರಿದಾದ ಸೇತುವೆಯ ನಡುವೆ ಎರಡು ಬಸ್ಸು ಎದುರುಬದುರಾಗಿ ನಿಂತರೆ ನಿಮ್ಮ ಕಡೆ ಅದಕ್ಕೆ ಏನನ್ನುತ್ತಾರೆ?